ಯಾದಿಯಲ್ಲಿಲ್ಲದ ಗುಳಿಗೆ

ಮಿರಜಿನ ಹಳೆಯ ಪೇಟೆಯೊಳಗೆ ಒಂದು ಸಣ್ಣ ಸರಕಾರಿ ದವಾಖಾನೆಯಿತ್ತು. ಅಲ್ಲಿ ನಾನು ಗುಳಿಗೆ ಕೊಡುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ಮೂರು ವರ್ಷ. ಜನ ನನ್ನನ್ನು ಕಂಪೌಂಡರಬಾಯಿ ಎನ್ನುತ್ತಿದ್ದರು. ತಂತಿ ಜಾಳಿಗೆಯ ಕಿಟಕಿ, ಅದರ ಕೆಳಗೆ ಒಂದು ಕೈ ಹಿಡಿಸುವಷ್ಟು ಕಂಡಿ. ಆಚೆಯಿಂದ ಚೀಟಿ ಒಳಗೆ ಬರುತ್ತಿತ್ತು, ಈಚೆಯಿಂದ ಗುಳಿಗೆ ಹೊರಗೆ ಹೋಗುತ್ತಿತ್ತು. ಬರುವವರ ಮುಖಕ್ಕಿಂತ ಕೈಗಳೇ ನನಗೆ ಹೆಚ್ಚು ಪರಿಚಯವಾಗಿದ್ದವು.

ನಾನು ಸೇರುವ ಹೊತ್ತಿಗೆ ಅಲ್ಲಿ ಡಾಕ್ಟರಾಗಿದ್ದವರು ಕೊಂಕಣದ ಕಡೆಯ ವಯಸ್ಸಾದ ಹೆಂಗಸು. ಎಲ್ಲರಿಗೂ ಅವರು ಡಾಕ್ಟರಬಾಯಿ. ಗಂಜಿ ಹಾಕಿದ ನೂಲಿನ ಸೀರೆ, ಕಾಲಲ್ಲಿ ಗಂಡಸರ ಚಪ್ಪಲಿ, ಬಾಯಲ್ಲಿ ಬೈಗುಳ. ಅವರಾಡುತ್ತಿದ್ದುದು ಮರಾಠಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವರ್ಷಕ್ಕೊಮ್ಮೆ ಔಷಧಗಳ ಬೇಡಿಕೆ ಪತ್ರ ತುಂಬಿ ಮೇಲಿನ ಕಚೇರಿಗೆ ಕಳಿಸಬೇಕಿತ್ತು. ಅಚ್ಚು ಮಾಡಿದ ಯಾದಿ ಅದು. ಜ್ವರದ್ದು, ಭೇದಿಯದ್ದು, ರಕ್ತ ಹೆಚ್ಚಿಸುವ ಕೆಂಪು ಗುಳಿಗೆ, ಕೆಮ್ಮಿನ ಔಷಧ ಎಲ್ಲ ಅದರಲ್ಲಿ ಇರುತ್ತಿದ್ದವು. ಕೊನೆಯಲ್ಲಿ ‘ಇತರೆ’ ಎಂದು ಬರೆದು ಮೂರು ಗೆರೆ ಖಾಲಿ ಬಿಟ್ಟಿರುತ್ತಿದ್ದರು. ಡಾಕ್ಟರಬಾಯಿ ಪ್ರತಿ ವರ್ಷ ಆ ಮೊದಲ ಗೆರೆಯ ಮೇಲೆ ಥೈರಾಯ್ಡಿನ ಗುಳಿಗೆಯ ಹೆಸರು ಬರೆಯುತ್ತಿದ್ದರು. ಬರೆದದ್ದಕ್ಕೆ ಅದು ಬರುತ್ತಿತ್ತು.

ಸುತ್ತಮುತ್ತಲಿನ ಬೇರೆ ದವಾಖಾನೆಗಳಲ್ಲಿ ಆ ಗೆರೆಗಳು ಖಾಲಿಯೇ ಹೋಗುತ್ತಿದ್ದವು. ಅಲ್ಲಿಗೆ ಆ ಗುಳಿಗೆ ಬರುತ್ತಿರಲಿಲ್ಲ. ಇಷ್ಟೇ ವ್ಯತ್ಯಾಸ. ಇದರ ಹಿಂದೆ ಯಾವ ಕಾಯಿದೆಯೂ ಇರಲಿಲ್ಲ, ಯಾರ ದುರುದ್ದೇಶವೂ ಇರಲಿಲ್ಲ. ಒಬ್ಬರು ಪೆನ್ನು ಎತ್ತಿದ್ದರು, ಉಳಿದವರು ಎತ್ತಿರಲಿಲ್ಲ. ಅದರಿಂದ ಏನೇನಾಯಿತು ಎನ್ನುವುದನ್ನು ನಾನು ನನ್ನ ಅಕ್ಕನ ಮೈಮೇಲೆ ನೋಡಿದೆ.

ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ನಮ್ಮದು ಕನ್ನಡ ಮಾತಾಡುವ ಜೈನರ ಮನೆ. ಅಪ್ಪ ದಿನಾ ಸಾಂಗಲಿಯ ಅರಿಷಿಣ ಪೇಟೆಗೆ ಹೋಗಿ ದಲಾಲಿ ಮಾಡಿಕೊಂಡು ಸಂಜೆ ಊಟದ ಹೊತ್ತಿಗೆ, ಅಂದರೆ ಹೊತ್ತು ಮುಳುಗುವುದರೊಳಗೆ, ಹಳದಿ ಅಂಗಿಯಲ್ಲಿ ತಿರುಗಿ ಬರುತ್ತಿದ್ದ. ಅಕ್ಕನಿಗೆ ಒಳ್ಳೆಯ ಕಂಠವಿತ್ತು. ಬಸದಿಯಲ್ಲಿ ಅವಳು ಆರತಿ ಹಾಡಿದರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರು, "ದಲಾಲರ ಹಿರೇ ಮಗಳ ಬಂದಾಳ" ಎಂದು ಗುರುತಿಸುತ್ತಿದ್ದರು. ಬೇಡಗದ ಆಚೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟೆವು. ದ್ರಾಕ್ಷಿ ತೋಟ, ಕಬ್ಬು, ಮನೆ ತುಂಬ ಜನ. ಅವಳ ಗಂಡನನ್ನು ನಾವು ದಾಜಿ ಎಂದು ಕರೆಯುತ್ತಿದ್ದೆವು. ಮಾತು ಕಡಿಮೆ, ಕೆಟ್ಟ ಮನುಷ್ಯನಲ್ಲ.

ಮದುವೆಯಾಗಿ ನಾಲ್ಕು ವರ್ಷಕ್ಕೆ ಅಕ್ಕ ಎರಡು ಸಲ ಬಸುರಿಯಾಗಿ ಎರಡೂ ಸಲ ಮೂರನೆಯ ತಿಂಗಳಿಗೆ ಕಳೆದುಕೊಂಡಿದ್ದಳು. ಆ ಚೈತ್ರದಲ್ಲಿ ಮಹಾವೀರ ಜಯಂತಿಗೆ ತವರಿಗೆ ಬಂದಳು. ಹೊರಗೆ ಬಿಸಿಲು ಸುರಿಯುತ್ತಿತ್ತು, ಅವಳು ಸ್ವೆಟರ್ ಹಾಕಿಕೊಂಡು ಜೀಪಿನಿಂದ ಇಳಿದಳು. ಮುಖ ಊದಿತ್ತು. ಜಡೆ ಹಗ್ಗದ ಎಳೆಯಷ್ಟಾಗಿತ್ತು. ಬಸದಿಯಲ್ಲಿ ಆರತಿ ಹೊತ್ತಿಗೆ ಬಾಯಿ ತೆರೆಯಲಿಲ್ಲ. ಮನೆಗೆ ಬಂದ ಮೇಲೆ ನಾನು ಕೇಳಿದೆ.

"ಅಕ್ಕಾ, ನಿನ್ನ ದನಿ ಯಾಕ ಹಿಂಗಾಗೇತಿ?"

"ನೆಗಡಿ ಆಗೇತಿ."

"ಎಷ್ಟ ದಿವ್ಸಾತು?"

"ವರ್ಷ ಆಗಿರಬೇಕ ನೋಡ," ಎಂದು ನಕ್ಕಳು. ಆ ನಗುವೂ ಗಂಡಸಿನ ನಗುವಿನ ಹಾಗೆ ದಪ್ಪಗೆ ಬಂತು.

ಅವಳೂರಿನ ದವಾಖಾನೆಯಲ್ಲಿ ಏನು ಕೊಟ್ಟರು ಎಂದರೆ ಚೀಲದಿಂದ ಕೆಂಪು ಗುಳಿಗೆಯ ಪುಡಿಕೆ ತೆಗೆದು ತೋರಿಸಿದಳು. ಎರಡು ವರ್ಷದಿಂದ ಅದೇ. ಆಯಾಸ ಅಂದರೆ ಅದು, ಕೂದಲು ಉದುರುತ್ತದೆ ಅಂದರೆ ಅದು, ಬಸಿರು ನಿಲ್ಲುವುದಿಲ್ಲ ಅಂದರೂ ಅದೇ. ಅತ್ತೆ ಮಾತ್ರ ಬೇರೆ ಹೆಸರು ಕೊಟ್ಟಿದ್ದಳು. "ನಮ್ಮ ಸೊಸಿಗಿ ನಿದ್ದಿ ಬ್ಯಾನಿ ಐತ್ರಿ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳಂತೆ.

ಮರುದಿನ ಅವಳನ್ನು ಡಾಕ್ಟರಬಾಯಿಯ ಮುಂದೆ ಕೂರಿಸಿದೆ. ಅವರು ಕುತ್ತಿಗೆ ಮುಟ್ಟಿ ಎಂಜಲು ನುಂಗಲು ಹೇಳಿದರು. ಕುರ್ಚಿಯ ಮೇಲೆ ಮೊಣಕಾಲೂರಿ ನಿಲ್ಲಿಸಿ ಹಿಮ್ಮಡಿಯ ಮೇಲಿನ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಎಗರಿತು. ಆದರೆ ಮರಳಿ ತನ್ನ ಜಾಗಕ್ಕೆ ಬರುವಾಗ, ಬರಲೋ ಬೇಡವೋ ಎನ್ನುವಷ್ಟು ನಿಧಾನವಾಗಿ ಬಂತು.

"ನೋಡಿದೆಯಾ?" ಎಂದರು ನನಗೆ. "ಇವಳ ಒಳಗೆ ಎಲ್ಲವೂ ಹೀಗೇ ನಡೆಯುತ್ತಿದೆ. ಸೋಮಾರಿ ಅನ್ನುತ್ತಿದ್ದಾರಾ ಮನೆಯಲ್ಲಿ? ಇದು ಸೋಮಾರಿತನವಲ್ಲ."

ಅಕ್ಕ ತಲೆ ತಗ್ಗಿಸಿದಳು. ಅವಳನ್ನು ಯಾರೋ ಸೋಮಾರಿ ಅಲ್ಲ ಎಂದದ್ದು ಬಹಳ ದಿನಗಳ ಮೇಲೆ ಅದೇ ಮೊದಲು. ಕುರ್ಚಿಯಿಂದ ಇಳಿಯುವಾಗ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಆ ದಿನಗಳಲ್ಲಿ ಮಿರಜ ಊರು ಬೆಳೆಯುತ್ತಿತ್ತು ಅನ್ನುವುದಕ್ಕಿಂತ ಆಸ್ಪತ್ರೆಗಳು ಬೆಳೆಯುತ್ತಿದ್ದವು. ಹಳೆಯ ವಾಡೆಗಳನ್ನು ಕೆಡವಿ ಗಾಜಿನ ಬಾಗಿಲಿನ ನರ್ಸಿಂಗ್ ಹೋಮು, ಅದರ ಪಕ್ಕಕ್ಕೆ ಸ್ಕ್ಯಾನ್ ತೆಗೆಯುವವರು, ಎದುರಿಗೆ ರಕ್ತ ಪರೀಕ್ಷೆಯವರು. ಸಿತಾರ ಮಾಡುವವರ ಓಣಿಯ ಬಾಯಿಗೂ ಮೆಡಿಕಲ್ ಅಂಗಡಿ ಬಂದಿತ್ತು. ಸಾಂಗಲಿ ಎಲ್ಲಿ ಮುಗಿದು ಮಿರಜ ಎಲ್ಲಿ ಶುರುವಾಗುತ್ತದೆ ಎಂದು ರಸ್ತೆಯಲ್ಲಿ ಹೇಳುವುದು ಕಷ್ಟವಾಗುತ್ತಿತ್ತು. ಎಲ್ಲಿಂದೆಲ್ಲಿಂದಲೋ ಜನ ವಾಸಿಯಾಗಲು ಇಲ್ಲಿಗೆ ಬರುತ್ತಿದ್ದರು. ಅಂಥ ಊರಿನಿಂದ ಜೀಪಿನಲ್ಲಿ ಅರ್ಧ ತಾಸಿನ ದಾರಿಯಲ್ಲಿ ನನ್ನ ಅಕ್ಕ ಎರಡು ವರ್ಷ ಕೆಂಪು ಗುಳಿಗೆ ನುಂಗಿದ್ದಳು. ನಾನು ಔಷಧದ ಕಿಟಕಿಯಲ್ಲೇ ಕೂತಿದ್ದೆ. ನನಗೂ ಹೊಳೆದಿರಲಿಲ್ಲ.

ರಕ್ತ ಪುಣೆಗೆ ಹೋಗಿ ವರದಿ ಬಂತು. ಡಾಕ್ಟರಬಾಯಿ ಹೇಳಿದ್ದೇ ನಿಜವಾಯಿತು, ಥೈರಾಯ್ಡ್ ಕಡಿಮೆ. ದಿನಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಸಣ್ಣ ಗುಳಿಗೆ, ಆಮೇಲೆ ಅರ್ಧ ತಾಸು ಚಹಾ ಇಲ್ಲ, ಬದುಕಿರುವ ತನಕ. ಅಕ್ಕನ ಮನೆಯಲ್ಲಿ ಸ್ನಾನ ಮಾಡಿ ಬಸದಿಗೆ ಹೋಗಿ ಬರುವ ಮೊದಲು ಬಾಯಿಗೆ ಏನೂ ಹಾಕುವಂತಿರಲಿಲ್ಲ. ಬಂದ ಕೂಡಲೇ ಚಹಾ. ಅವಳೇ ಒಂದು ದಾರಿ ಮಾಡಿಕೊಂಡಳು. ಎಲ್ಲರಿಗಿಂತ ಮೊದಲು ಎದ್ದು, ಬೆಳಕು ಹರಿಯುವ ಹೊತ್ತಿಗೆ ಬಸದಿ ಮುಗಿಸಿ ಬಂದು, ಸೋಸಿದ ನೀರಿನಲ್ಲಿ ಗುಳಿಗೆ ನುಂಗಿ, ಆಮೇಲೆ ಉಳಿದವರ ಚಹಾಕ್ಕೆ ಒಲೆ ಹಚ್ಚುತ್ತಿದ್ದಳು. ನಿದ್ದೆ ಬೇನೆಯವಳು ಎನಿಸಿಕೊಂಡವಳು ಮನೆಗೆಲ್ಲ ಮೊದಲು ಏಳತೊಡಗಿದಳು.

ಮೂರು ತಿಂಗಳ ಮೇಲೆ ಒಂದು ದಿನ ಅವಳೂರಿನ ಎಸ್‌ಟಿಡಿ ಬೂತಿನಿಂದ ಪಕ್ಕದ ಮನೆಗೆ ಫೋನು ಬಂತು. ನಾನು ಹೋಗಿ ಎತ್ತಿದೆ. "ನಾನವ್ವಾ," ಎಂದಳು ಅಷ್ಟೇ. ಅದು ಅವಳ ಹಳೆಯ ದನಿ. ಹಿಂದೆಯೇ ಬಂದಿದ್ದ ಅಪ್ಪ ಫೋನು ಕಸಿದುಕೊಂಡ.

"ಒಂದ ನುಡಿ ಆರತಿ ಹಾಡ ನೋಡೂಣು," ಎಂದ.

"ಬೂತಿನ್ಯಾಗ ಮಂದಿ ನಿಂತಾರ ಅಪ್ಪಾ."

"ನಿಂದರವಲ್ಲರ್ಯಾಕ. ಹಾಡ."

ಅವಳು ಹಾಡಿದಳು. ಅಪ್ಪ ಫೋನು ಕಿವಿಗಿಟ್ಟುಕೊಂಡು ಪಕ್ಕದ ಮನೆಯ ಗೋಡೆ ನೋಡುತ್ತ ನಿಂತಿದ್ದ.

ತಿಂಗಳಿಗೊಮ್ಮೆ ಅಕ್ಕ ಬಂದು ಗುಳಿಗೆ ಒಯ್ಯುತ್ತಿದ್ದಳು. ಎಲ್ಲಿಯವಳು ಎಂದು ಡಾಕ್ಟರಬಾಯಿ ಯಾರನ್ನೂ ಕೇಳುತ್ತಿರಲಿಲ್ಲ. "ಕುತ್ತಿಗೆ ಎಲ್ಲರಿಗೂ ಇರುತ್ತದೆ," ಎನ್ನುತ್ತಿದ್ದರು. ಹೀಗೆ ಒಂದೂವರೆ ವರ್ಷ ನಡೆಯಿತು. ಅಷ್ಟರಲ್ಲಿ ಅವರು ನಿವೃತ್ತರಾಗಿ ಸಾಂಗಲಿಯ ತಮ್ಮ ಮನೆಗೆ ಹೋದರು.

ಅವರ ಜಾಗಕ್ಕೆ ಬಂದ ಡಾಕ್ಟರರು ಚಿಕ್ಕ ವಯಸ್ಸಿನವರು, ಶಿಸ್ತಿನವರು. ಹಳೆಯ ಬೇಡಿಕೆ ಪತ್ರ ನೋಡಿ ಹೊಸದು ತುಂಬಿದ್ದರಿಂದ ಥೈರಾಯ್ಡಿನ ಗುಳಿಗೆ ಬರುವುದು ನಿಲ್ಲಲಿಲ್ಲ. ಆದರೆ ತಿಂಗಳ ಪಾಲು ತಿಂಗಳು ಮುಗಿಯುವ ಮೊದಲೇ ತೀರುವುದು ಅವರ ಕಣ್ಣಿಗೆ ಬಿತ್ತು. ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರು. ನಮ್ಮ ದವಾಖಾನೆಯ ಹದ್ದಿನೊಳಗೆ ಇರುವವರಿಗೆ ಮಾತ್ರ ದೀರ್ಘಕಾಲದ ಔಷಧ, ರೇಷನ್ ಕಾರ್ಡು ತೋರಿಸಬೇಕು ಎಂದು. ಆ ಹಾಳೆಯನ್ನು ಜಾರಿ ಮಾಡಬೇಕಾದವಳು ನಾನು. ನನ್ನ ನೌಕರಿ ಆಗ ಇನ್ನೂ ಕಾಯಂ ಆಗಿರಲಿಲ್ಲ.

ಅಕ್ಕನನ್ನು ನಾನು ಅಪ್ಪನ ಮನೆಯ ವಿಳಾಸಕ್ಕೆ ಬರೆದುಕೊಂಡೆ. ಅವಳ ಹೆಸರು ಅಪ್ಪನ ರೇಷನ್ ಕಾರ್ಡಿನಿಂದ ಮದುವೆಯಾದಾಗಲೇ ಹೋಗಿತ್ತು. ಯಾರೂ ನೋಡಲಿಲ್ಲ.

ಅದೇ ತಿಂಗಳು ಕುಪವಾಡದಿಂದ ಒಬ್ಬಳು ಬಂದಳು. ಗಂಡ ಅಲ್ಲಿನ ಕಾರಖಾನೆಯಲ್ಲಿ ಎರಕದ ಕೆಲಸಕ್ಕೆ ಇದ್ದವನು. ಜತ್ತಿನ ಕಡೆಯಿಂದ ಬಂದು ಕುಪವಾಡದ ಚಾಳಿನಲ್ಲಿ ಇದ್ದರು. ನಾನು ಕನ್ನಡದವಳು ಎಂದು ತಿಳಿದ ಕೂಡಲೇ ಅವಳ ಮುಖ ಅರಳಿತು. ಕುತ್ತಿಗೆಯ ಬುಡದಲ್ಲಿ ಸರ ಹಾಕಿಕೊಂಡ ಹಾಗೆ ಒಂದು ಗಾಯದ ಗೆರೆ. ಗಂಟಲ ಗಡ್ಡೆಯ ಜೊತೆ ಥೈರಾಯ್ಡ್ ಗ್ರಂಥಿಯನ್ನೇ ತೆಗೆದುಹಾಕಿದ್ದರು. ಅದರ ಬದಲಿಗೆ ಜೀವಮಾನವಿಡೀ ಈ ಗುಳಿಗೆ ತಿನ್ನಬೇಕು ಎಂದು ಚೀಟಿ ಬರೆದುಕೊಟ್ಟಿದ್ದರು.

"ನಿಮ್ಮ ಕಡೆ ದವಾಖಾನ್ಯಾಗ ತಗೋಬೇಕ್ರಿ," ಎಂದೆ.

"ಅಲ್ಲಿ ಇಲ್ಲಂತರಿ ಅಕ್ಕಾರ. ಅಲ್ಲಿ ಕೇಳಿದ್ರ ಮಿರಜಕ್ಕ ಹೋಗ ಅಂತಾರ, ಇಲ್ಲಿ ಬಂದ್ರ ನೀವು ಕುಪವಾಡಕ್ಕ ಹೋಗ ಅಂತೀರಿ. ನಾ ಎಲ್ಲಿಗಿ ಹೋಗ್ಲಿರಿ?"

"ಹುಕುಮ ಹಂಗ ಐತ್ರಿ. ನನ್ನ ಕೈಯಾಗ ಏನಿಲ್ಲ."

ಹಾಗೆ ಹೇಳುವಾಗ ನನ್ನ ಕೈಯಲ್ಲಿ ಆ ಗುಳಿಗೆಯ ಡಬ್ಬಿಯೇ ಇತ್ತು. ಬೇರೆ ಯಾರಿಗೋ ಎಣಿಸುತ್ತಿದ್ದೆ. ಅವಳು ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ಚೀಟಿ ಮಡಚಿಕೊಂಡು ಹೋದಳು.

ಮುಂದಿನ ತಿಂಗಳು ಮತ್ತೆ ಬಂದಳು. ಅವಳು ಸರದಿಯಲ್ಲಿ ನಿಂತಿದ್ದಾಗ ಅವಳ ಮುಂದೆಯೇ ಅಕ್ಕ ಇದ್ದಳು. ನಾವಿಬ್ಬರೂ ಕಂಡಿಯಲ್ಲಿ ಎರಡು ಮಾತಾಡಿದೆವು. ಅವ್ವನ ಮೊಣಕಾಲು, ದ್ರಾಕ್ಷಿ ಕಡಿಯುವ ಹಂಗಾಮು, ಅಷ್ಟೇ. ಅಕ್ಕ ಪುಡಿಕೆಯನ್ನು ಚೀಲಕ್ಕೆ ಹಾಕಿಕೊಂಡಳು.

"ಈ ಅಕ್ಕಾರದ ಊರ ಯಾವ್ದರಿ?" ಎಂದು ಕುಪವಾಡದವಳು ಕೇಳಿದಳು. ಕೇಳಿದ ರೀತಿಯಲ್ಲಿ ಯಾವ ಕುಹಕವೂ ಇರಲಿಲ್ಲ.

"ಬೇಡಗದ ಆಚಿಕಡೆರಿ," ಎಂದಳು ಅಕ್ಕ. ಅವಳಿಗೆ ಹಾಳೆಯ ವಿಷಯ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ.

ಕುಪವಾಡದವಳು ಗಲಾಟೆ ಮಾಡಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ಒಮ್ಮೆ ನೋಡಿ ಸೀದಾ ಡಾಕ್ಟರರ ಕೋಣೆಗೆ ಹೋದಳು. ಐದು ನಿಮಿಷದಲ್ಲಿ ನನಗೆ ಕರೆ ಬಂತು. ಅವಳು ಅಲ್ಲೇ ನಿಂತಿದ್ದಳು. ಡಾಕ್ಟರರು ಕೇಳಿದರು, "ಬೇಡಗದ ಕಡೆಯವರಿಗೆ ಕೊಟ್ಟಿರಾ?"

"ನಮ್ಮ ಅಕ್ಕ," ಎಂದೆ.

"ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲ ಅನ್ನುವುದು ಸರಿಯಲ್ಲ. ಇವರು ಹೇಳುವುದರಲ್ಲಿ ತಪ್ಪಿಲ್ಲ. ಇನ್ನು ಮುಂದೆ ಹೊರಗಿನ ಯಾರಿಗೂ ಬೇಡ. ಇದನ್ನು ನಾನು ಬರವಣಿಗೆಯಲ್ಲಿ ತರುವುದಿಲ್ಲ. ನಿಮ್ಮ ಕಾಯಂ ಆಗುವ ಕಾಗದ ಮೇಲೆ ಹೋಗಿದೆ, ನೆನಪಿರಲಿ."

ಅಲ್ಲಿಗೆ ನ್ಯಾಯ ತೀರ್ಮಾನವಾಯಿತು. ಇಬ್ಬರಿಗೂ ಕೊಡೋಣ ಎನ್ನುವ ಮಾತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ನನ್ನ ಬಾಯಿಂದಲೂ ಬರಲಿಲ್ಲ. ಕುಪವಾಡದವಳು ಹೊರಗೆ ಬರುವಾಗ ನನಗೆ, "ನಾ ನಿಮ್ಮ ಅಕ್ಕಗ ಬಂದ್ ಮಾಡ್ರಿ ಅಂದಿಲ್ಲರಿ. ನನಗೂ ಕೊಡ್ರಿ ಅಂದ್ಯಾ," ಎಂದಳು. ನಾನು ಅವಳ ಮೇಲೆ ಸಿಟ್ಟಾಗಿದ್ದೆ. ಕಿಟಕಿಗೆ ಹೋಗಿ ಕೂತೆ.

ಆಮೇಲೆ ನಾನು ಅಕ್ಕನಿಗೆ ಹೇಳಿದ್ದು ಇಷ್ಟು. ಇಲ್ಲಿ ನಿಯಮ ಬದಲಾಗಿದೆ, ವರದಿ ತೆಗೆದುಕೊಂಡು ನಿಮ್ಮೂರ ದವಾಖಾನೆಗೆ ಹೋಗು, ಚೀಟಿ ತೋರಿಸು. ಅವಳು ಅತ್ತೆಯನ್ನು ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರರು ಇತ್ತೀಚಿನ ವರದಿ ನೋಡಿದರು. ಗುಳಿಗೆ ತಿನ್ನುತ್ತಿದ್ದುದರಿಂದ ಎಲ್ಲವೂ ಸರಿಯಾಗಿತ್ತು. ಅದನ್ನೇ ಹಿಡಿದು, "ಎಲ್ಲಾ ನಾರ್ಮಲ್ ಇದೆ, ಇನ್ನೇಕೆ ಔಷಧ? ನಮ್ಮ ಯಾದಿಯಲ್ಲಿ ಈ ಗುಳಿಗೆ ಇಲ್ಲ. ಬೇಕಾಗಿಯೂ ಇಲ್ಲ," ಎಂದರಂತೆ. ಮತ್ತೆ ಅದೇ ಕೆಂಪು ಪುಡಿಕೆ. ಬೇಕು, ಆದರೆ ನಮ್ಮಲ್ಲಿಲ್ಲ ಎಂದು ಹೇಳುವುದು ಆ ಕುರ್ಚಿಯಲ್ಲಿ ಕೂತವರಿಗೆ ಕಷ್ಟ. ಬೇಕಾಗಿಲ್ಲ ಎಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಅದನ್ನು ಅವರು ಅತ್ತೆಯ ಮುಂದೆ ಹೇಳಿದ್ದು ಇನ್ನೂ ಕೆಟ್ಟದ್ದಾಯಿತು.

ಓದಿದವರು ಕೇಳಬಹುದು, ಅಂಗಡಿಯಲ್ಲಿ ಸಿಗುತ್ತಿರಲಿಲ್ಲವೇ ಎಂದು. ಸಿಗುತ್ತಿತ್ತು. ಹೆಚ್ಚು ಬೆಲೆಯದ್ದೂ ಅಲ್ಲ. ನಾನೇ ಮಿರಜಿನ ಮೆಡಿಕಲ್‌ನಲ್ಲಿ ಕೊಂಡು ಅವಳೂರಿಗೆ ಹೋಗುವ ಮಂದಿ ತುಂಬಿ ಒಯ್ಯುವ ವಡಾಪ್ ಜೀಪಿನವನ ಕೈಯಲ್ಲಿ ಎರಡು ಸಲ ಕಳಿಸಿದೆ. ಮೂರನೆಯ ಸಲ ಪೊಟ್ಟಣ ಹಾಗೆಯೇ ವಾಪಸು ಬಂತು. ಅದೇ ವಾರ ಯಾರದೋ ಮದುವೆಯಲ್ಲಿ ಅತ್ತೆ ನನ್ನ ಅಪ್ಪನನ್ನು ಹಿಡಿದು ನಿಲ್ಲಿಸಿ, "ದೊಡ್ಡ ಡಾಕ್ಟರ ಬ್ಯಾನಿ ಇಲ್ಲ ಅಂತಾನ, ನೀವು ಗುಳಿಗಿ ಕಳಸ್ತೀರಿ. ಹಂಗಂದ್ರ ಮದುವಿ ಮೊದ್ಲ ಏನರೆ ಇತ್ತೇನ್ರಿ? ಮುಚ್ಚಿಟ್ಟ ಕೊಟ್ರೇನ್ರಿ ಮಗಳನ್ನ?" ಎಂದು ಕೇಳಿದ್ದಳು. ಅಪ್ಪ ಊಟ ಮಾಡದೆ ಮನೆಗೆ ಬಂದಿದ್ದ.

ಅಕ್ಕ ಫೋನು ಮಾಡಿದಳು. "ಇನ್ನ ಕಳಸಬ್ಯಾಡ ತಂಗಿ. ಮನ್ಯಾಗ ಮಾತ ಬೆಳ್ಯಾಕತ್ತಾವ. ಡಾಕ್ಟರ ಬ್ಯಾಡಂದಾರ, ಮುಗೀತಲ್ಲ. ನಾ ಚಂದ ಅದೀನಿ."

ಆಗ ಅವಳು ಚೆನ್ನಾಗಿಯೇ ಇದ್ದಳು. ಆ ಗುಳಿಗೆ ಬಿಟ್ಟರೆ ಕೂಡಲೇ ಏನೂ ಆಗುವುದಿಲ್ಲ. ಮೆಲ್ಲಗೆ, ಯಾರಿಗೂ ತಿಳಿಯದ ಹಾಗೆ ಹಿಂದಕ್ಕೆ ಎಳೆಯುತ್ತದೆ. ಇದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದೆ. ಎದ್ದು ಹೋಗಿ ಅವಳ ಅತ್ತೆಯ ಮುಂದೆ ಕೂತು ಹೇಳಬೇಕಿತ್ತು. ಹೋಗಲಿಲ್ಲ. ಆ ವರ್ಷ ನನ್ನ ನೌಕರಿ ಕಾಯಂ ಆಯಿತು, ಮದುವೆ ಗೊತ್ತಾಯಿತು, ಸೀರೆ ಪತ್ತಲ ಎಂದು ಓಡಾಡಿದೆ.

ನನ್ನ ಮದುವೆಯ ಫೋಟೋಗಳಲ್ಲಿ ಅಕ್ಕ ಎಲ್ಲದರಲ್ಲೂ ಕುರ್ಚಿಯ ಮೇಲೆ ಕೂತಿದ್ದಾಳೆ. ನಿಲ್ಲುವುದಾಗುತ್ತಿರಲಿಲ್ಲ. ಮುಖ ಮತ್ತೆ ಊದಿತ್ತು. ಅಕ್ಷತೆ ಹಾಕಲು ಬಂದವಳು ನನ್ನ ಕಿವಿಯಲ್ಲಿ, "ನಾಕ ತಿಂಗಳಾತು, ಈ ಸಲ ನಿಂತೈತಿ," ಎಂದಳು. ನಾನು ಸಂತೋಷಪಡಬೇಕಿತ್ತು. ಆ ದನಿ ಕೇಳಿ ನನಗೆ ಬಾಸಿಂಗ ಕಟ್ಟಿದ ಹಣೆಯೆಲ್ಲ ಬೆವರಿತು. ಮತ್ತೆ ಅದೇ ದಪ್ಪ ದನಿ.

ಮದುವೆಯಾಗಿ ಮೂರನೆಯ ದಿನ ನಾನು ಗಂಡನ ಮನೆಯಲ್ಲಿ ಕೇಳಿ, ಅಕ್ಕ ಮತ್ತು ದಾಜಿಯನ್ನು ಕರೆದುಕೊಂಡು ಸಾಂಗಲಿಗೆ ಡಾಕ್ಟರಬಾಯಿಯ ಮನೆಗೆ ಹೋದೆ. ಅವರು ಬಾಗಿಲಲ್ಲೇ ಅಕ್ಕನ ಮುಖ ನೋಡಿದರು.

"ಗುಳಿಗೆ ಬಿಡಿಸಿದವರು ಯಾರು?"

"ಡಾಕ್ಟರರು," ಎಂದಳು ಅಕ್ಕ ತನ್ನ ಒಡಕು ಮರಾಠಿಯಲ್ಲಿ.

ಡಾಕ್ಟರಬಾಯಿ ನನ್ನ ಕಡೆ ತಿರುಗಿದರು. "ನೀನು ಎಲ್ಲಿದ್ದೆ?"

ನನ್ನ ಕೈಯ ಹಸಿರು ಬಳೆ, ಮದುಮಗಳ ಸೀರೆ ಎಲ್ಲ ಅವರಿಗೆ ಕಾಣುತ್ತಿತ್ತು. ಆದರೂ ಕೇಳಿದರು. ನಾನು ನಿಯಮದ ಹಾಳೆ, ಕುಪವಾಡದ ಹೆಂಗಸು, ಹಳ್ಳಿಯ ಡಾಕ್ಟರರು ಎಂದು ಒಂದೊಂದೇ ಹೇಳತೊಡಗಿದೆ. ಅವರು ಅರ್ಧಕ್ಕೇ ಕೈ ಎತ್ತಿ ನಿಲ್ಲಿಸಿದರು. ದಾಜಿಯನ್ನು ಎದುರಿಗೆ ಕೂರಿಸಿಕೊಂಡು ಹೊಲದ ಮಾತಿನಲ್ಲಿ ಹೇಳಿದರು. "ತೋಟಕ್ಕೆ ನೀರು ಬಿಟ್ಟಿದ್ದೀರಿ, ಬಳ್ಳಿ ಹಸಿರಾಗಿದೆ. ಹಸಿರಾಯಿತಲ್ಲ ಎಂದು ನೀರು ನಿಲ್ಲಿಸುತ್ತೀರಾ? ಇವಳ ಮೈಯಲ್ಲಿ ಆ ನೀರು ತಾನಾಗಿ ಬರುವುದಿಲ್ಲ. ಹೊಟ್ಟೆಯಲ್ಲಿರುವ ಕೂಸಿಗೂ ಮೊದಲ ತಿಂಗಳುಗಳಲ್ಲಿ ಅವಳದೇ ಬೇಕು."

ದಾಜಿ, "ನನಗ ಹಿಂಗ ಯಾರೂ ತಿಳಿಸಿ ಹೇಳಿರಲಿಲ್ಲರಿ," ಎಂದ. ಅವತ್ತಿನಿಂದ ಮಿರಜಕ್ಕೆ ಬಂದಾಗಲೆಲ್ಲ ಅವನೇ ಅಂಗಡಿಯಲ್ಲಿ ಗುಳಿಗೆ ಕೊಂಡು ಒಯ್ಯುತ್ತಿದ್ದ. ತಾಯಿಗೆ ಏನು ಹೇಳಿದನೋ ಗೊತ್ತಿಲ್ಲ, ಆ ಮನೆಯಲ್ಲಿ ಮತ್ತೆ ಆ ಮಾತು ಏಳಲಿಲ್ಲ.

ಹೆಣ್ಣು ಹುಟ್ಟಿತು. ಕೂಸು ದಿನ ತುಂಬಿ ಹುಟ್ಟಿದ್ದು, ತೂಕವೂ ಸರಿ. ಆದರೆ ಎರಡು ವರ್ಷವಾದರೂ ನಡೆಯಲಿಲ್ಲ, ನಾಲ್ಕಕ್ಕೆ ಮಾತು ಬಂತು. ಶಾಲೆಯಲ್ಲಿ ಒಂದನೆಯ ಇಯತ್ತೆಯಲ್ಲೇ ಮೂರು ವರ್ಷ ಕೂತಳು. ಮಿರಜಿನ ಗಾಜಿನ ಬಾಗಿಲಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆವು. ನಾನು ಆ ಡಾಕ್ಟರರನ್ನು ನೇರವಾಗಿ ಕೇಳಿದೆ. ಮೊದಲ ನಾಲ್ಕು ತಿಂಗಳು ತಾಯಿಗೆ ಗುಳಿಗೆ ಇರಲಿಲ್ಲ, ಅದರಿಂದಲೇ ಹೀಗಾಯಿತೇ? ಅವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಇರಬಹುದು, ಇಲ್ಲದಿರಬಹುದು. ಹೀಗೇ ಎಂದು ಯಾರೂ ಹೇಳಲಾರರು," ಎಂದರು. ಆ ಮಾತನ್ನು ನಾನು ಇಂದಿಗೂ ಹೊತ್ತುಕೊಂಡು ತಿರುಗುತ್ತಿದ್ದೇನೆ. ಹೌದು ಎಂದಿದ್ದರೆ ಯಾರ ಮೇಲಾದರೂ ಹಾಯುತ್ತಿದ್ದೆ. ಇಲ್ಲ ಎಂದಿದ್ದರೆ ನಿದ್ದೆ ಬರುತ್ತಿತ್ತು.

ಆ ಹುಡುಗಿಯನ್ನು ಬೆಳೆಸಿದ್ದು ಅತ್ತೆ. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ. ಸೊಸೆಯನ್ನು ನಿದ್ದೆ ಬೇನೆಯವಳು ಎಂದ ಮುದುಕಿ, ಮೊಮ್ಮಗಳನ್ನು ಯಾರಾದರೂ ಮಂದಬುದ್ಧಿ ಎಂದರೆ ಅವರ ಮನೆಯ ನೀರು ಕುಡಿಯುವುದನ್ನು ಬಿಟ್ಟಳು. ತೋಟದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ದ್ರಾಕ್ಷಿಗೊಂಚಲು ಇಟ್ಟು ಎಣಿಕೆ ಕಲಿಸಿದಳು. ಶಾಲೆ ಮೂರು ವರ್ಷದಲ್ಲಿ ಕಲಿಸದೇ ಇದ್ದದ್ದನ್ನು ಒಂದು ಹಂಗಾಮಿನಲ್ಲಿ ಕಲಿಸಿದಳು.

ಸಾಂಗಲಿ, ಮಿರಜ, ಕುಪವಾಡ ಮೂರೂ ಊರು ಕೂಡಿ ಒಂದೇ ನಗರಪಾಲಿಕೆಯಾದಾಗ ನಾನು ಏನೋ ಆಸೆಪಟ್ಟೆ. ಇನ್ನು ಮೇಲೆ ಒಂದೇ ಊರು ಅಂದ ಮೇಲೆ ಯಾದಿಯೂ ಒಂದೇ ಆಗುತ್ತದೆ ಎಂದುಕೊಂಡೆ. ಊರುಗಳ ಬೋರ್ಡು ಬದಲಾದವು, ಅಷ್ಟೇ. ದವಾಖಾನೆಗಳ ಖಾಲಿ ಗೆರೆ ಹಾಗೆಯೇ ಇದ್ದವು. ನೌಕರಿಯಲ್ಲಿ ಮೊದಲ ಸಲ ನಾನಾಗಿ ಒಂದು ಅರ್ಜಿ ಬರೆದೆ. ಕುಪವಾಡದ ಕಡೆಗೂ ಹಳ್ಳಿಗಳಿಗೂ ಈ ಗುಳಿಗೆ ಕೊಡಿ ಎಂದು. ಐದು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು. ಆಯಾ ಸ್ಥಳದ ಬೇಡಿಕೆಯಂತೆ ಔಷಧ ಪೂರೈಸಲಾಗುತ್ತದೆ, ಸದರಿ ಸ್ಥಳಗಳಿಂದ ಬೇಡಿಕೆ ಬಂದಿರುವುದಿಲ್ಲ. ಕೇಳಲು ಬಂದವರನ್ನೆಲ್ಲ ಮಿರಜಕ್ಕೆ ಹೋಗಿ ಎಂದು ಕಳಿಸಿ, ಅವರ ಹೆಸರನ್ನು ಎಲ್ಲೂ ಬರೆದುಕೊಳ್ಳದಿದ್ದರೆ ಬೇಡಿಕೆ ಎಲ್ಲಿಂದ ಬರಬೇಕು?

ಆ ಕಾಗದ ಬಂದ ವಾರ ಒಂದು ಮಧ್ಯಾಹ್ನ ರಜೆ ಹಾಕಿ ಕುಪವಾಡಕ್ಕೆ ಹೋದೆ. ಎರಕದ ಕೆಲಸದವರ ಚಾಳು ಹುಡುಕಿ, ಕುತ್ತಿಗೆಗೆ ಗಾಯವಿದ್ದ ಜತ್ತಿನ ಕಡೆಯವಳು ಎಂದು ಕೇಳಿದೆ. ಆ ಕಾರಖಾನೆ ಮುಚ್ಚಿತ್ತು. ಅವಳ ಖೋಲಿಯಲ್ಲಿ ಬೇರೆ ಯಾರೋ ಇದ್ದರು. ಪಕ್ಕದವಳು, "ಭಾಳ ದಪ್ಪ ಆಗಿದ್ಳರಿ ಕಡೀಕ. ಸದಾ ಮಲಗೇ ಇರ್ತಿದ್ಳು. ಗಂಡ ಊರಿಗಿ ಕರ್ಕೊಂಡ ಹ್ವಾದ," ಎಂದಳು. ಯಾವ ಊರು ಎಂದು ಅವಳಿಗೆ ಗೊತ್ತಿರಲಿಲ್ಲ.

ಇನ್ನೂ ನಾಲ್ಕೈದು ವರ್ಷ ಕಳೆದ ಮೇಲೆ ಅಕ್ಕನ ಊರಿನಲ್ಲಿ ಒಂದು ದೊಡ್ಡ ಮನೆತನದ ಸೊಸೆಗೆ ಇದೇ ಬೇನೆ ಬಂತು. ಆ ಮನೆಯ ಗಂಡಸರು ಚುನಾವಣೆಗೆ ನಿಲ್ಲುವವರು, ಸಾಹೇಬರುಗಳ ಜೊತೆ ಚಹಾ ಕುಡಿಯುವವರು. ಅವರ ಸೊಸೆ ಪುಣೆಯಲ್ಲಿ ತೋರಿಸಿಕೊಂಡು ಬಂದಳು. ತಿಂಗಳೊಳಗೆ ಊರಿನ ದವಾಖಾನೆಗೆ ಆ ಗುಳಿಗೆಯ ಡಬ್ಬಿಗಳು ಬಂದವು. ಆ ಮನೆಯವರಿಗೆ ಸರಕಾರಿ ಗುಳಿಗೆ ಬೇಕಾಗಿರಲಿಲ್ಲ. ಆದರೂ ಅವರ ಒಂದು ಮಾತಿಗೆ ಬಂದವು. ದಾಜಿ ಹೇಳಿದ ಮೇಲೆ ಅಕ್ಕನೂ ಚೀಟಿ ಹಿಡಿದುಕೊಂಡು ಹೋದಳು. ಹಿಂದೆ ಬೇಡ ಎಂದಿದ್ದ ಡಾಕ್ಟರರೇ ಅಲ್ಲಿಗೆ ಮತ್ತೆ ಬದಲಿಯಾಗಿ ಬಂದಿದ್ದರು. ಅವಳು ಆಮೇಲೆ ನನಗೆ ಹೇಳಿದಳು.

"ಹಳೇ ಕೇಸ್ ಪೇಪರ ತಗಸಿ ನೋಡಿದ್ರು. ನೋಡಿ, ಏನ್ರಿ ಬಾಯಿ, ನಡುವ ಗುಳಿಗಿ ಬಿಟ್ಟೀರಲ್ಲ, ಯಾಕ ಬಿಟ್ರಿ, ಇದು ಜಲ್ಮ ಪೂರ್ತಿ ತಗೋಬೇಕಾಗ್ತೈತಿ ಅಂತ ಗೊತ್ತಿಲ್ಲೇನು ಅಂತ ಬೈದ್ರು."

"ನೀ ಏನಂದಿ?"

"ಮರ್ತಿದ್ಯಾರಿ ಅಂದ್ಯಾ."

ನನಗೆ ಮೈ ಉರಿಯಿತು. "ಅವರ ಬಿಡಿಸಿದ್ರು ಅಂತ ಯಾಕ ಹೇಳಲಿಲ್ಲ ಅಕ್ಕಾ? ಮಾರಿ ಮ್ಯಾಲ ಹೇಳಬೇಕಿತ್ತು."

"ಹೇಳಿ? ಮುಂದಿನ ತಿಂಗಳ ಮತ್ತ ಅವರ ಹಂತ್ಯಾಕನ ಕೈ ಒಡ್ಡಬೇಕಲ್ಲ."

ಅವಳಿಗೆ ಅದರಲ್ಲಿ ಕಹಿ ಇರಲಿಲ್ಲ. ಕಹಿ ಎಲ್ಲ ನನಗೇ ಬಿಟ್ಟಿದ್ದಳು.

ನಾನು ನಿವೃತ್ತಳಾದ ದಿನ ದವಾಖಾನೆಯಲ್ಲಿ ಸಣ್ಣ ಸಮಾರಂಭ ಮಾಡಿದರು. ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಆ ಹುಡುಗಿ ಈಗ ದೊಡ್ಡವಳು, ಒಣದ್ರಾಕ್ಷಿ ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಕಪ್ಪು ಚುಕ್ಕೆ ಇರುವ ಒಂದು ಕಾಳೂ ಅವಳ ಬೆರಳಿನಿಂದ ತಪ್ಪಿಸಿಕೊಳ್ಳುವುದಿಲ್ಲವಂತೆ. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ನನಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಸಾಹೇಬರು ಮಾತಾಡಿದರು. ಇಷ್ಟು ವರ್ಷದ ಸೇವೆಯಲ್ಲಿ ಇವರ ಮೇಲೆ ಒಂದೇ ಒಂದು ತಕರಾರಿಲ್ಲ, ನಿಯಮ ಮೀರಿದ ಒಂದೇ ಒಂದು ಉದಾಹರಣೆ ಇಲ್ಲ ಎಂದರು. ಅವರಿಗೆ ಗೊತ್ತಿದ್ದಷ್ಟಕ್ಕೆ ಅದು ನಿಜ.

ರಿಕ್ಷಾದಲ್ಲಿ ಮನೆಗೆ ಬರುವಾಗ ಹುಡುಗಿ ಶಾಲಿನ ಅಂಚು ಬೆರಳಿನಿಂದ ಸವರುತ್ತಿದ್ದಳು. ಅಕ್ಕ ಹೊರಗೆ ನೋಡುತ್ತ ಕೂತಿದ್ದವಳು ಒಮ್ಮೆಲೇ ಕೇಳಿದಳು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

"ನನ್ನ ಗುಳಿಗಿ ಬಂದ್ ಮಾಡಿದಾಗ ನೀ ನಿಮ್ಮ ಡಾಕ್ಟರರಿಗಿ ಒಂದ ಮಾತರೆ ಹೇಳಿದ್ಯೇನು? ನಮ್ಮಕ್ಕಗ ಇದು ಬೇಕಽಬೇಕು ಅಂತ?"

ಸುಳ್ಳು ಹೇಳಬಹುದಿತ್ತು. "ಇಲ್ಲ ಅಕ್ಕಾ. ನೌಕರಿ ಹೋಗ್ತೈತಂತ ಅಂಜಿದ್ಯಾ."

"ಹೂಂ," ಎಂದಳು. ಮಗಳ ಕಡೆ ಶಾಲು ಸರಿಸಿ, "ನಾನೂ ಅಂಜಿದ್ಯಾ. ಅತ್ತಿಯವರಿಗಿ," ಎಂದಳು. ಆಮೇಲೆ ರಿಕ್ಷಾದವನಿಗೆ ಮಾರ್ಕೆಟ್ಟಿನ ಹತ್ತಿರ ನಿಲ್ಲಿಸು ಎಂದು ಹೇಳಿ, ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಹೀರೆಕಾಯಿ ತೊಗೊಳ್ಳೋಣ ಎಂದು ಇಳಿದಳು.